ಬಚ್ಚಲುಮನೆಯ ಪೀಪಾಯಿ

ನಮ್ಮಪ್ಪನ ಮೂಗು ನಮ್ಮ ಮನೆಯ ಸ್ಥಿರಾಸ್ತಿ. ಬೇರೆಯವರ ಅಪ್ಪಂದಿರು ಮನೆ ಮಾಡಿಟ್ಟಿರುತ್ತಾರೆ, ಜಮೀನು ಮಾಡಿಟ್ಟಿರುತ್ತಾರೆ. ನಮ್ಮಪ್ಪ ಮೂಗು ಮಾಡಿಟ್ಟಿದ್ದರು. ನಿವೃತ್ತರಾಗುವವರೆಗೂ ಅವರು ಒಂದು ರಮ್ ಕಂಪನಿಯ ಉಗ್ರಾಣದಲ್ಲಿ ರುಚಿ ನೋಡುವವರ ಮುಖ್ಯಸ್ಥರಾಗಿದ್ದರು. ಸಾಲುಸಾಲು ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿರುವ ರಮ್ಮನ್ನು ಮೂಸಿ, "ಇದು ಎದ್ದಿದೆ, ಅದು ಇನ್ನೂ ಮಲಗಲಿ" ಎಂದು ತೀರ್ಪು ಕೊಡುವುದು ಅವರ ಕೆಲಸ. ಕಂಪನಿಯ ಮಾಲೀಕನೇ ಅವರ ಮೂಗಿನ ಮುಂದೆ ನಿಲ್ಲುವಾಗ ಕೈ ಕಟ್ಟಿ ನಿಲ್ಲುತ್ತಿದ್ದನಂತೆ. ಹೀಗೆಂದು ಅಪ್ಪನೇ ಹೇಳಿದ್ದರಿಂದ ಅನುಮಾನಕ್ಕೆ ಅವಕಾಶವಿಲ್ಲ.

ಇಂಥ ಮೂಗಿನ ಮನೆಗೆ ಅಳಿಯನಾಗಿ ಬಂದವರು ನಮ್ಮ ಕನ್ನಡಕದ ಭಾವ. ನನ್ನ ಚಿಕ್ಕಕ್ಕನ ಗಂಡ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಗೋಡೆಯ ಅಕ್ಷರ ಓದಿಸುವ ಕೆಲಸ ಅವರದು. ಒಳ್ಳೆಯ ಮನುಷ್ಯ, ಕೊಂಚ ಗೊಂದಲದವರು. ಒಮ್ಮೆ ಬಲಗಣ್ಣಿನ ಗಾಜನ್ನು ಎಡಕ್ಕೂ ಎಡಗಣ್ಣಿನದನ್ನು ಬಲಕ್ಕೂ ಕೂರಿಸಿ ಕೊಟ್ಟರು. ಗಿರಾಕಿ ಗೋಡೆ ಹಿಡಿದುಕೊಂಡೇ ವಾಪಸ್ಸು ಬಂದು ಬೈದರೆ, ಭಾವ ಕಿಂಚಿತ್ತೂ ಅಳುಕದೆ, "ಎರಡು ದಿನ ಹಾಕ್ಕೊಳ್ಳಿ, ಪ್ರಪಂಚ ತಾನಾಗೇ ಸರಿಹೋಗುತ್ತೆ" ಎಂದರು. ತಪ್ಪು ಮಾಡುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ, ಒಪ್ಪಿಕೊಳ್ಳುವುದರಲ್ಲಿ ಮಾತ್ರ ಬಹಳ ಸಂಕೋಚ.

ಮದುವೆಯ ದಿನವೇ ಅಪ್ಪ ಬೀಗರೆದುರು ಹೇಳಿದ್ದರು: "ಕನ್ನಡಕ ಎಷ್ಟೇ ದೊಡ್ಡದಿರಲಿ, ಕೂರೋದು ಮೂಗಿನ ಮೇಲೇ." ಎಲ್ಲರೂ ನಕ್ಕರು. ಭಾವನೂ ನಕ್ಕರು, ಸ್ವಲ್ಪ ತಡವಾಗಿ. ಆವತ್ತಿನಿಂದ ಅವರಿಗೆ ಒಂದೇ ಆಸೆ. ಸಂಬಳ ಹೆಚ್ಚಲಿ ಎಂದಲ್ಲ, ಸ್ವಂತ ಅಂಗಡಿಯಾಗಲಿ ಎಂದೂ ಅಲ್ಲ. ಮಾವನ ಬಾಯಿಂದ ಒಂದು ಸಲ, ಒಂದೇ ಒಂದು ಸಲ, "ಭೇಷ್" ಎನ್ನಿಸಿಕೊಳ್ಳಬೇಕು.

ಅಪ್ಪನ ಹುಟ್ಟುಹಬ್ಬದ ಊಟಕ್ಕೆ ಮುಂಚೆ ನಮ್ಮಲ್ಲಿ ಪರೀಕ್ಷೆ ನಡೆಯುತ್ತದೆ. ಹಳೆಯ ಕಂಪನಿಯವರು ಕಳಿಸುವ ಬಾಟಲಿಯನ್ನು ಅಪ್ಪ ಮೇಜಿನ ಮೇಲಿಡುತ್ತಾರೆ. ಪುಟ್ಟ ಗ್ಲಾಸುಗಳಿಗೆ ಒಂದೊಂದು ಗುಟುಕು ಸುರಿಯುತ್ತಾರೆ. ಆಮೇಲೆ ಉಪನ್ಯಾಸ.

"ಹುಟ್ಟಿದ ರಮ್ಮಿಗೆ ಬಣ್ಣಾನೂ ಇಲ್ಲ, ಬುದ್ಧೀನೂ ಇಲ್ಲ. ಎರಡನ್ನೂ ಕೊಡೋದು ಪೀಪಾಯಿ. ಒಳಗೆ ಸುಟ್ಟ ಹೊಸ ಓಕ್ ಮರದ್ದಾದರೆ ವೆನಿಲ್ಲಾ ಬರುತ್ತೆ, ಕಾಸಿದ ಸಕ್ಕರೆ ಬರುತ್ತೆ. ಮೊದಲು ಷೆರಿ ಅನ್ನೋ ದ್ರಾಕ್ಷಿ ಮದ್ಯ ಇಟ್ಟಿದ್ದ ಪೀಪಾಯಿ ಆದರೆ ಒಣದ್ರಾಕ್ಷಿ, ಅಕ್ರೋಟು, ಕಿತ್ತಳೆ ಸಿಪ್ಪೆ. ಹೊಗೆಯ ವಿಸ್ಕಿ ಇಟ್ಟಿದ್ದರೆ ಹೊಗೆ. ತುಂಬಾ ಸಲ ಬಳಸಿದ ಮುದಿ ಪೀಪಾಯಿ ಆದರೆ ಏನೂ ಕೊಡಲ್ಲ, ಸುಮ್ಮನೆ ಜಾಗ ಕೊಡುತ್ತೆ. ಒಂದು ಮಾತು ನೆನಪಿಟ್ಟುಕೊಳ್ಳಿ. ಪೀಪಾಯಿ ಏನನ್ನೂ ಮರೆಯಲ್ಲ. ಮೊದಲು ತನ್ನ ಹೊಟ್ಟೇಲಿ ಏನಿತ್ತೋ ಅದನ್ನ ರಮ್ಮಿನ ಕಿವೀಲಿ ಹೇಳೇ ಹೇಳುತ್ತೆ."

ಇಷ್ಟು ಹೇಳಿ, "ಕನ್ನಡಕ ಕೊಡೋ" ಎಂದು ನನ್ನತ್ತ ಕೈ ಚಾಚುತ್ತಾರೆ. ಕನ್ನಡಕ ಏರಿಸಿ, ಬಾಟಲಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಆಮೇಲೆ ಗ್ಲಾಸಿಗೆ ಮೂಗು ಇಳಿಸುತ್ತಾರೆ. ಬಣ್ಣ ಪರೀಕ್ಷಿಸುವುದರಲ್ಲಿ ಅವರು ಅಷ್ಟು ಕಟ್ಟುನಿಟ್ಟು ಎಂದು ನಾವು ತಿಳಿದಿದ್ದೆವು. ದೊಡ್ಡವರ ಏಕಾಗ್ರತೆಯೇ ಬೇರೆ. ಒಮ್ಮೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾತ ಹಿಡಿದು ನಾವು ಮೂಗು ಮುಚ್ಚಿಕೊಂಡು ಬೀದಿಗೆ ಓಡಿದಾಗಲೂ, ಅಪ್ಪ ಮಾತ್ರ ಅಡುಗೆಮನೆಯ ಪಕ್ಕದಲ್ಲೇ ಕುಳಿತು ಪೇಪರಿನಿಂದ ತಲೆ ಎತ್ತಿರಲಿಲ್ಲ.

ಅಂಥದೊಂದು ಹುಟ್ಟುಹಬ್ಬದಂದು ಅಪ್ಪ ಮೂಸಿ, ಕಣ್ಣು ಮುಚ್ಚಿ, "ಹೇಳಿ, ಯಾವ ಪೀಪಾಯಿ?" ಎಂದರು.

ದೊಡ್ಡಕ್ಕನ ಗಂಡ ಬ್ಯಾಂಕ್ ಮ್ಯಾನೇಜರು. ಅವರು ರಮ್ಮನ್ನು ನೋಡುವುದಿಲ್ಲ, ಅಪ್ಪನ ಹುಬ್ಬನ್ನು ನೋಡುತ್ತಾರೆ. "ಹೊಸ ಓಕ್..." ಎಂದು ಎಳೆದರು. ಹುಬ್ಬು ಮೇಲೇರಿತು. "ಹೊಸ ಓಕೇ ಮಾವ, ವೆನಿಲ್ಲಾ ಎದ್ದು ಕುಣೀತಾ ಇದೆ."

"ಸರಿಯಾಗಿ ಹೇಳಿದ್ರಿ. ನೀವು, ಕನ್ನಡಕದವರು?"

ಭಾವ ಗುಟುಕು ಚಪ್ಪರಿಸಿದರು. ಮತ್ತೊಮ್ಮೆ ಚಪ್ಪರಿಸಿದರು. "ಸೋಪು" ಎಂದರು.

ಆ ನಗು ಎಷ್ಟಿತ್ತೆಂದರೆ ದೊಡ್ಡ ಭಾವನಿಗೆ ಬಿಕ್ಕಳಿಕೆ ಹತ್ತಿತು. ಅಪ್ಪ ನಗಲಿಲ್ಲ. "ಅಳಿಯಂದ್ರೇ, ನಿಮಗೆ ಕಣ್ಣು ಕೊಡೋ ಹೊತ್ತಿಗೇ ದೇವರು ಸುಸ್ತಾಗಿಬಿಟ್ಟ ಅಂತ ಕಾಣುತ್ತೆ" ಎಂದರು. ಚಿಕ್ಕಕ್ಕ ತಲೆ ತಗ್ಗಿಸಿದಳು. ಭಾವ ಅದನ್ನು ನೋಡಿದರು. ತಮ್ಮನ್ನು ನೋಡಿ ಜನ ನಗುವುದು ಅವರಿಗೆ ಅಭ್ಯಾಸವಾಗಿತ್ತು, ಹೆಂಡತಿ ತಲೆ ತಗ್ಗಿಸಿದ್ದು ಅಭ್ಯಾಸವಾಗಿರಲಿಲ್ಲ. ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತರು.

"ಮಾವ, ಮುಂದಿನ ಹುಟ್ಟುಹಬ್ಬಕ್ಕೆ ನಾನೇ ರಮ್ ಮಾಗಿಸಿ ತರ್ತೀನಿ. ನನ್ನ ಪೀಪಾಯಿ, ನನ್ನ ಮನೆ. ಯಾವ ಪೀಪಾಯಿ ಅಂತ ನೀವು ಹೇಳಿ. ಹೇಳಿಬಿಟ್ರೆ ಜನ್ಮದಲ್ಲಿ ಈ ಮೇಜಿನ ಮುಂದೆ ಬಾಯಿ ಬಿಡಲ್ಲ. ಹೇಳೋಕೆ ಆಗ್ಲಿಲ್ಲ ಅಂದ್ರೆ ಎಲ್ಲರೆದುರು ನನಗೆ ಭೇಷ್ ಅನ್ನಬೇಕು."

"ಆಗಲಿ" ಎಂದರು ಅಪ್ಪ. ಮೂಗು ಸೋತ ಚರಿತ್ರೆ ಇರಲಿಲ್ಲವಲ್ಲ.

ಮರುದಿನವೇ ಭಾವ ನನ್ನನ್ನು ಎಳೆದುಕೊಂಡು ಗುಜರಿ ಅಂಗಡಿಗೆ ಹೋದರು. ಗುಜರಿಯವ ಒಂದು ಪೀಪಾಯಿಯ ಹೊಟ್ಟೆ ತಟ್ಟಿ, "ಇದು ಹಡಗಲ್ಲಿ ಬಂದದ್ದು ಸಾರ್, ಒಳಗೆ ಬರೀ ದ್ರಾಕ್ಷಿ ಮದ್ಯ ಇತ್ತು" ಎಂದ. ಭಾವ ಪೀಪಾಯಿಯ ಬಾಯಿಗೆ ಮೂಗಿಟ್ಟು ನೋಡಿ, ಏನೂ ತಿಳಿಯದಿದ್ದರೂ ಮಾವನ ಹಾಗೆ ಕಣ್ಣು ಮುಚ್ಚಿ, "ಎದ್ದಿದೆ" ಎಂದರು. ಮಧ್ಯಾಹ್ನ ಕೈಗಾಡಿಯಲ್ಲಿ ಪೀಪಾಯಿ ಭಾವನ ಮನೆಗೆ ಬಂತು. ಮೆಟ್ಟಿಲ ಮೇಲೆ ಅದನ್ನು ಹತ್ತಿಸುವಾಗ ನನ್ನ ಬೆನ್ನಿಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ಇದು ಹಾಸ್ಯದ ಕಥೆ.

ಇಡುವುದೆಲ್ಲಿ? ಭಾವ ಬಚ್ಚಲುಮನೆ ಎಂದರು.

"ರೀ, ಸ್ನಾನ ಎಲ್ಲಿ ಮಾಡೋದು?" ಎಂದಳು ಚಿಕ್ಕಕ್ಕ.

"ಪಕ್ಕದಲ್ಲಿ. ಬಚ್ಚಲುಮನೆ ಬೆಚ್ಚಗಿರುತ್ತೆ ಕಣೇ. ಬೆಚ್ಚಗಿದ್ದಷ್ಟೂ ರಮ್ ಬೇಗ ಮಾಗುತ್ತೆ ಅಂತ ನಿಮ್ಮಪ್ಪನೇ ಹೇಳಿದ್ದಾರೆ."

"ಒಂದ್ಸಲ ತೊಳೆದಾದ್ರೂ ಹಾಕಿ."

"ತೊಳೆಯೋದಾ?" ಭಾವ ಹೌಹಾರಿದರು. "ತೊಳೆದ್ರೆ ಅದರ ನೆನಪೆಲ್ಲ ಹೋಗಿಬಿಡುತ್ತೆ!"

ಅಂಗಡಿಯಿಂದ ತಂದ ಬಿಳಿ ರಮ್ಮನ್ನು ಬಾಟಲಿ ಬಾಟಲಿಯಾಗಿ ಪೀಪಾಯಿಗೆ ಸುರಿದರು. ಸುರಿದ ಹಾಗೆ ಪೀಪಾಯಿಯ ಬಾಯಿಂದ ಬುಸುಬುಸು ನೊರೆ ಎದ್ದಿತು. ಬೇರೆ ಯಾರಾದರೂ ಆಗಿದ್ದರೆ ಯೋಚಿಸುತ್ತಿದ್ದರು. ಭಾವ ಆನಂದದಿಂದ ನನ್ನ ತೋಳು ಹಿಡಿದು, "ನೋಡೋ, ಉಸಿರಾಡ್ತಾ ಇದೆ!" ಎಂದರು. ಆಮೇಲೆ ಬಿರಡೆ ಬಡಿದು, ಹುಟ್ಟುಹಬ್ಬದವರೆಗೆ ತಾವು ಇದನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು.

ತಿಂಗಳೊಳಗೆ ಚಿಕ್ಕಕ್ಕ ಹೇಳಿದಳು: "ರೀ, ಇದು ಸೋಪಿನ ವಾಸನೆ ಬರ್ತಿದೆ."

"ಬಚ್ಚಲುಮನೆ ಕಣೇ. ಸೋಪಿನ ವಾಸನೆ ಬರದೆ ಇನ್ನೇನು ಬರಬೇಕು?"

ಮಾತು ಅಲ್ಲಿಗೆ ನಿಂತಿತು.

ರಮ್ಮಿಗೆ ಮರದ ಎಲ್ಲಾ ಮೈಯೂ ತಾಗಲಿ ಎಂದು ಭಾವ ರಜೆಯ ದಿನ ಪೀಪಾಯಿಯನ್ನು ಬಚ್ಚಲಿನೊಳಗೇ ಆ ಗೋಡೆಯಿಂದ ಈ ಗೋಡೆಗೆ ಉರುಳಿಸುತ್ತಿದ್ದರು. ಕೆಳಗಿನ ಮನೆಯಲ್ಲಿ ಸಂಗೀತದ ಮೇಷ್ಟ್ರು ಇದ್ದರು. ಅವರು ಮೇಲೆ ಬಂದು, "ನಾನು ಆಲಾಪ ಶುರುಮಾಡಿದ ತಕ್ಷಣ ನಿಮ್ಮ ಮನೇಲಿ ಗುಡುಗುತ್ತೆ. ನನ್ನ ಶಿಷ್ಯರು ಒಬ್ಬೊಬ್ಬರಾಗಿ ಬಿಡ್ತಾ ಇದ್ದಾರೆ" ಎಂದರು. ಭಾವ, "ಮೇಷ್ಟ್ರೇ, ಅದು ಗುಡುಗಿನಿಂದ ಅಲ್ಲ" ಎಂದುಬಿಟ್ಟರು. ಮೇಷ್ಟ್ರು ನೇರವಾಗಿ ಅಬಕಾರಿ ಕಚೇರಿಗೆ ಹೋಗಿ, ಮೇಲಿನ ಮನೆಯಲ್ಲಿ ಭಟ್ಟಿ ಇಳಿಸುತ್ತಿದ್ದಾರೆ ಎಂದು ದೂರು ಕೊಟ್ಟರು.

ಅಬಕಾರಿ ಇನ್‌ಸ್ಪೆಕ್ಟರು ಬಂದಾಗ ಚಿಕ್ಕಕ್ಕ ತಲೆಗೆ ಸ್ನಾನ ಮಾಡುತ್ತಿದ್ದಳು. ಇಲಾಖೆಯ ಇತಿಹಾಸದಲ್ಲೇ ಮೊದಲ ಬಾರಿಗೆ ದಾಳಿಯೊಂದು ಕೂದಲು ಒಣಗುವವರೆಗೆ ಹಜಾರದಲ್ಲಿ ಕಾದು ಕುಳಿತಿತು. ಆಮೇಲೆ ಇನ್‌ಸ್ಪೆಕ್ಟರು ಒಳಗೆ ಹೋಗಿ, ಸ್ನಾನದ ಮಣೆಯ ಮೇಲೆ ಕುಳಿತು, ಪೀಪಾಯಿಯನ್ನು ದುರುಗುಟ್ಟಿ ನೋಡಿದರು. ಹಿಂದೆಯೇ ಮೇಷ್ಟ್ರೂ ಇಣುಕಿದರು.

"ಭಟ್ಟಿ ಎಲ್ಲಿ?"

"ಭಟ್ಟಿ ಇಲ್ಲ ಸಾರ್. ಅಂಗಡೀಲಿ ಕೊಂಡದ್ದು, ಬಿಲ್ಲಿದೆ. ನಾನು ಬರೀ ಮಾಗಿಸ್ತಾ ಇದ್ದೀನಿ."

"ಬಚ್ಚಲಲ್ಲಿ ಮಾಗಿಸೋದಕ್ಕೆ ನಮ್ಮ ಕಾನೂನಲ್ಲಿ ಕಲಮಿಲ್ಲ" ಎಂದು ಇನ್‌ಸ್ಪೆಕ್ಟರು ಪೀಪಾಯಿಯೊಳಗೆ ಕಡ್ಡಿ ಇಳಿಸಿ ನೋಡಿದರು. "ಬಿಲ್ಲಲ್ಲಿ ಇರೋದಕ್ಕಿಂತ ಕಡಿಮೆ ಇದೆ. ಉಳಿದದ್ದು ಎಲ್ಲಿಗೆ ಸಾಗಿಸಿದ್ರಿ?"

"ಆವಿಯಾಗಿ ಹೋಯ್ತು ಸಾರ್. ಸ್ವಲ್ಪ ಮರ ಕುಡಿಯುತ್ತೆ, ಸ್ವಲ್ಪ ಗಾಳಿ ಕುಡಿಯುತ್ತೆ."

"ಯಾರ ಲೈಸೆನ್ಸಿನ ಮೇಲೆ?"

ಭಾವ ಎದೆ ಸೆಟೆಸಿದರು. "ಸಾರ್, ನನ್ನ ಮಾವ ಯಾರು ಗೊತ್ತಾ?" ಎಂದು ಅಪ್ಪನ ಹೆಸರು ಹೇಳಿದರು. ಇನ್‌ಸ್ಪೆಕ್ಟರು ಮಣೆಯಿಂದ ಎದ್ದೇ ನಿಂತರು. "ಮೂಗಿನ ಯಜಮಾನರ ಅಳಿಯಂದಿರಾ ನೀವು? ಮೊದಲೇ ಹೇಳಬಾರದೇ!" ಎಂದವರೇ, ಇಲಾಖೆಯ ವತಿಯಿಂದ ಮಾದರಿ ತೆಗೆಯುವುದು ಕರ್ತವ್ಯವೆಂದು ಸ್ನಾನದ ಚೊಂಬಿನಲ್ಲೇ ಒಂದು ಗುಟುಕು ತೆಗೆದರು. ಅವರ ಮುಖದ ಮೇಲೆ ಏನೋ ಹಾದುಹೋಯಿತು. ಅದನ್ನು ನುಂಗಿ, "ಆಹಾ! ಒಣದ್ರಾಕ್ಷಿ" ಎಂದರು.

ಮೇಷ್ಟ್ರು ಬಿಡುತ್ತಾರೆಯೇ? ಅವರೂ ಕುಡಿದು, "ಒಣದ್ರಾಕ್ಷಿ ಸರಿ, ಆದರೆ ಕೊನೇಲಿ ಅಕ್ರೋಟು ನಿಲ್ಲುತ್ತೆ, ಮಂದ್ರದಲ್ಲಿ" ಎಂದರು. ಬಾಯಿ ಒರೆಸಿಕೊಂಡಾಗ ಅವರ ಮೀಸೆಯ ಮೇಲೆ ಸಣ್ಣದೊಂದು ಗುಳ್ಳೆ ಹೊಳೆಯುತ್ತಿತ್ತು.

ಅಲ್ಲಿಂದ ಇನ್‌ಸ್ಪೆಕ್ಟರು ತನಿಖೆ ಮುಗಿಯಿತೆಂದು ಬರೆಯಲೇ ಇಲ್ಲ. ವಾರವಾರ ಮಾದರಿ ತೆಗೆಯಲು ಬರುತ್ತಿದ್ದರು. ಕಟ್ಟಡದ ಬೇರೆ ಮನೆಯವರೂ ಬಚ್ಚಲುಮನೆಗೆ ಬಂದು ಮೂಸಿ ಹೋದರು. ಮೂಗಿನ ಯಜಮಾನರ ಅಳಿಯನ ರಮ್ಮಿನಲ್ಲಿ ಏನೂ ವಾಸನೆ ಬರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಒಬ್ಬರಿಗೆ ಕಿತ್ತಳೆ, ಒಬ್ಬರಿಗೆ ಜೇನು. ಸುದ್ದಿ ದೊಡ್ಡ ಭಾವನ ಬ್ಯಾಂಕಿಗೂ ಮುಟ್ಟಿ ಅವರ ನಿದ್ದೆ ಕೆಟ್ಟಿತು. ನಮ್ಮ ಭಾವ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ನೋಡುವಾಗಲೂ ಮೂಗಿನಿಂದ ಉಸಿರೆಳೆದು ತಲೆದೂಗಲಾರಂಭಿಸಿದರು.

ಹುಟ್ಟುಹಬ್ಬದ ಬೆಳಿಗ್ಗೆ ನಾನು ಭಾವನ ಮನೆಯಲ್ಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಗುಜರಿಯವ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದ.

"ಸಾರ್, ಒಂದು ತಪ್ಪಾಗಿದೆ. ಹಿಂದಿನ ಸಾಲು ಖಾಲಿ ಮಾಡಿದಾಗ ಗೊತ್ತಾಯ್ತು. ನೀವು ಆರಿಸಿದ ಪೀಪಾಯಿ ನನ್ನ ಅಂಗಡೀಲೇ ಇದೆ. ಗಾಡಿಯವನು ಪಕ್ಕದ್ದನ್ನ ಉರುಳಿಸ್ಕೊಂಡು ಬಂದಿದ್ದಾನೆ."

"ಪಕ್ಕದ್ದು ಯಾವುದು?"

"ಮುಚ್ಚಿಹೋದ ಲಾಂಡ್ರೀದು ಸಾರ್. ಅವರು ಅದರಲ್ಲಿ ಬಟ್ಟೆ ಒಗೆಯೋ ಸೋಪಿನ ನೀರು ಇಟ್ಕೊಳ್ತಿದ್ರು."

ಚಿಕ್ಕಕ್ಕ ಗೆದ್ದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆದರೆ ಗಂಡನ ಮುಖ ನೋಡಿ ಕೈ ಇಳಿಸಿದಳು. ಭಾವ ಬಚ್ಚಲಿಗೆ ಹೋಗಿ ಮೊದಲ ಬಾರಿಗೆ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡು ಬಂದು ಕುರ್ಚಿಯ ಮೇಲೆ ಕುಸಿದರು.

"ಹೋಗ್ಲಿ ಬಿಡಿ" ಎಂದಳು ಅಕ್ಕ ಮೆತ್ತಗೆ. "ಒಂದು ಒಳ್ಳೇ ಬಾಟ್ಲಿ ಕೊಂಡ್ಕೊಂಡು ಹೋಗೋಣ. ಇಲ್ಲಾ ಅಂದ್ರೆ ನಿಮಗೆ ಜ್ವರ ಅಂತ ಹೇಳಿಬಿಡ್ತೀನಿ."

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಲ್ಲ. ಇದನ್ನೇ ತಗೊಂಡು ಹೋಗ್ತೀನಿ. ಸೋಪಿನ ರಮ್ಮೇ ಆಗಲಿ, ನಾನು ಮಾಡಿದ ಸೋಪಿನ ರಮ್ಮು. ಯಾವ ಪೀಪಾಯಿ ಅಂತ ತಾನೇ ಕೇಳಿದ್ದು? ಸೋಪಿನ ಪೀಪಾಯಿ ಅಂತ ಹೇಳಲಿ, ನಾನು ಸೋತೆ. ಆದ್ರೆ ಜ್ವರ ಅಂತ ಹೇಳಿ ಮನೇಲಿ ಮಲಗೋನು ನಾನಲ್ಲ!"

ಮನೆಯಲ್ಲಿ ಬಿರಡೆಯಿದ್ದ ಬಾಟಲಿ ಒಂದೇ ಇತ್ತು, ಅದೂ ಅವರ ಮದುವೆಯಲ್ಲಿ ಅಪ್ಪನೇ ಕೊಟ್ಟಿದ್ದ ಷೆರಿ ಪೀಪಾಯಿ ರಮ್ಮಿನ ಖಾಲಿ ಬಾಟಲಿ. ಆ ಗಡಿಬಿಡಿಯಲ್ಲಿ ಭಾವ ಅದಕ್ಕೇ ತುಂಬಿಸಿದರು. ಅದರ ಮೇಲಿನ ಹಳೆಯ ಚೀಟಿ ಕೀಳಬೇಕೆಂದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಆ ಸಂಜೆ ನಮ್ಮ ಮನೆಯ ಹಜಾರ ಕಿಕ್ಕಿರಿದಿತ್ತು. ದೊಡ್ಡ ಭಾವ ಟೈ ಕಟ್ಟಿ ಬಂದಿದ್ದರು. ಮೇಷ್ಟ್ರು ಬಂದಿದ್ದರು. ಇನ್‌ಸ್ಪೆಕ್ಟರು ಅಂತಿಮ ಮಾದರಿಗಾಗಿ ಸಮವಸ್ತ್ರದಲ್ಲೇ ಬಂದಿದ್ದರು. ಭಾವ ಬಾಟಲಿಯನ್ನು ಮೇಜಿನ ಮೇಲಿಟ್ಟು, ಕೈ ಹಿಂದೆ ಕಟ್ಟಿ ನಿಂತರು.

"ಕನ್ನಡಕ ಕೊಡೋ" ಎಂದರು ಅಪ್ಪ. ಕೊಟ್ಟೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು. ಗ್ಲಾಸಿಗೆ ಮೂಗು ಇಳಿಸಿದರು. ಗುಟುಕು ಹೀರಿ ಕಣ್ಣು ಮುಚ್ಚಿದರು.

"ಷೆರಿ" ಎಂದರು ಅಪ್ಪ. "ಒಣದ್ರಾಕ್ಷಿ. ಅಕ್ರೋಟು. ಹಿಂದಿನಿಂದ ಕಿತ್ತಳೆ ಸಿಪ್ಪೆ."

"ಅದನ್ನೇ ಹೇಳೋಣ ಅಂತಿದ್ದೆ ಮಾವ!" ಎಂದರು ದೊಡ್ಡ ಭಾವ. "ನಾನು ವಾರವಾರವೂ ಹೇಳ್ತಾ ಇದ್ದದ್ದು ಅದೇ" ಎಂದರು ಇನ್‌ಸ್ಪೆಕ್ಟರು. ಮೇಷ್ಟ್ರು ಮಂದ್ರದ ಬಗ್ಗೆ ಏನೋ ಅಂದರು. ನನ್ನ ಬಾಯಲ್ಲಿ ಒಗೆದ ಅಂಗಿಯ ರುಚಿಯಿತ್ತು, ಆದರೂ ನನ್ನ ತಲೆ ತಾನಾಗಿ ಹೌದೆಂದು ಆಡಿತು.

ಭಾವ ಮಾತ್ರ ತಲೆ ಆಡಿಸಲಿಲ್ಲ. "ಇಲ್ಲ ಮಾವ" ಎಂದರು. "ಇದು ಸೋಪು."

ಈ ಸಲ ಯಾರೂ ನಗಲಿಲ್ಲ. ದೊಡ್ಡ ಭಾವ, "ಹೋದ ವರ್ಷದ ಚಾಳಿ ಇನ್ನೂ ಬಿಟ್ಟಿಲ್ವಾ?" ಎಂದು ಗದರಿದರು. ಅಪ್ಪ ಎದ್ದು ಅಡುಗೆಮನೆಗೆ ಹೋದರು. ಭಾವ ಹಿಂದೆಯೇ ಹೋದರು. ಹಜಾರದಲ್ಲಿ ನಿಲ್ಲಲಾರದೆ ನಾನೂ ನೀರಿನ ನೆಪ ಹಿಡಿದು ಹೋದೆ.

ಅಪ್ಪ ಅಮ್ಮನ ಮುಂದೆ ನಿಂತಿದ್ದರು. ಕೈಯಲ್ಲಿ ಗ್ಲಾಸು ಇನ್ನೂ ಇತ್ತು. "ನೀನು ಹೇಳು, ಇದು ಸೋಪಾ?"

ಅಮ್ಮ ಮೂಸಿಯೂ ನೋಡಲಿಲ್ಲ. "ಬಾಗಿಲಿಗೆ ಬಂದಾಗಲೇ ಗೊತ್ತಾಯ್ತು. ಹೋದ ವರ್ಷದ್ದೂ ಸೋಪೇ. ಸೋಪು ಹಚ್ಚಿ ಗ್ಲಾಸು ತೊಳೆಯೋ ಹೊತ್ತಿಗೆ ನಲ್ಲೀಲಿ ನೀರು ನಿಂತುಹೋಯ್ತು, ಹಾಗೇ ಒರೆಸಿ ಇಟ್ಟಿದ್ದೆ. ಅಷ್ಟು ಜನ ಕುಡಿದ್ರಿ, ಅಳಿಯಂದಿರೊಬ್ಬರೇ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದು."

ಅಪ್ಪ ಗ್ಲಾಸು ಕೆಳಗಿಟ್ಟರು. ನಾನು ಹುಟ್ಟಿದಾಗಿನಿಂದ ನೋಡುತ್ತಾ ಬಂದ ಆ ಮೂಗು ಮೊದಲ ಸಲ ಬರೀ ಮೂಗಿನ ಹಾಗೆ ಕಂಡಿತು.

"ಆ ದೊಡ್ಡ ನೆಗಡಿ ಬಂದಿತ್ತಲ್ಲ ಅಳಿಯಂದ್ರೇ, ರಿಟೈರ್ ಆದ ವರ್ಷ. ಹೋಗುವಾಗ ವಾಸನೇನೂ ರುಚೀನೂ ಕರ್ಕೊಂಡೇ ಹೋಯ್ತು. ಮಲ್ಲಿಗೆನೂ ಇಲ್ಲ, ಸೀದ ಹಾಲೂ ಇಲ್ಲ. ಬಾಟ್ಲಿ ಮೇಲಿನ ಚೀಟಿ ಓದಿ ಹೇಳ್ತಾ ಬಂದೆ. ನೀವೇ ಮಾಡಿಕೊಟ್ಟ ಕನ್ನಡಕ." ಅಪ್ಪ ಕನ್ನಡಕ ಕಳಚಿದರು. "ಹೋಗಿ, ಎಲ್ಲರಿಗೂ ಹೇಳಿಬಿಡಿ. ಗೆದ್ದಿದ್ದೀರಿ."

ನನಗೆ ಅಳು ಬಂತು. ಭಾವನ ಕಣ್ಣೂ ತುಂಬಿದ್ದು ಗಾಜಿನ ಹಿಂದೆ ಕಾಣುತ್ತಿತ್ತು. ಆದರೆ ಅವರು ಮೊಂಡರು.

"ನಿಮ್ಮ ಮೂಗಿನ ವಿಷಯ ನನ್ನ ಬಾಯಿಂದ ಯಾವತ್ತೂ ಬರಲ್ಲ ಮಾವ. ಆದ್ರೆ ಅದು ಷೆರಿ ಅಂತ ಮಾತ್ರ ನಾನು ಸತ್ರೂ ಹೇಳಲ್ಲ."

ಅಪ್ಪ ಅವರನ್ನು ದಿಟ್ಟಿಸಿ ನೋಡಿದರು. ನಿಧಾನವಾಗಿ ಬೆನ್ನು ನೆಟ್ಟಗಾಯಿತು.

"ಹೇಳಿ ಅಂದೋರು ಯಾರು?" ಎಂದವರೇ, ಅಂಗಿ ಸರಿಮಾಡಿಕೊಂಡು, ಭಾವನ ಹೆಗಲ ಮೇಲೆ ಕೈಯಿಟ್ಟು ಹಜಾರಕ್ಕೆ ನಡೆದರು.

"ಕೇಳಿ ಎಲ್ಲರೂ. ಇದು ಸೋಪು. ಅಪ್ಪಟ ಬಟ್ಟೆ ಒಗೆಯೋ ಸೋಪು. ಮೂಸಿದ ಕೂಡಲೇ ನನಗೆ ಗೊತ್ತಾಯ್ತು. ಯಾರ್ಯಾರು ತಲೆ ಆಡಿಸ್ತೀರಿ ನೋಡೋಣ ಅಂತಲೇ ಷೆರಿ ಅಂದೆ. ಹೋದ ವರ್ಷವೂ ಸೋಪೇ. ಆವತ್ತೂ ನೋಡಿದೆ, ಇವತ್ತೂ ನೋಡಿದೆ. ಈ ಮನೇಲಿ ನಾಲಿಗೆ ಅಂತ ಇರೋದು ಇಬ್ಬರಿಗೇ."

ಸುಳ್ಳನ್ನು ಇಷ್ಟು ಗಾಂಭೀರ್ಯದಿಂದ ಹೇಳಿದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ. ದೊಡ್ಡ ಭಾವನ ಮುಖ ಇಂಗು ತಿಂದ ಮಂಗನಂತಾಯಿತು. "ಆದ್ರೆ ಮಾವ, ಕಿತ್ತಳೆ ಸಿಪ್ಪೆ ನಿಜವಾಗಿಯೂ..." ಎಂದರು.

"ಕಿತ್ತಳೆ ವಾಸನೆಯ ಸೋಪಿರಬಹುದು" ಎಂದರು ಅಪ್ಪ.

ಮೇಷ್ಟ್ರು ಮೀಸೆ ಮುಟ್ಟಿ ನೋಡಿಕೊಂಡರು. ಇನ್‌ಸ್ಪೆಕ್ಟರು ಟೋಪಿ ಹಾಕಿಕೊಂಡು, "ಸೋಪಾದರೆ ಅದು ನಮ್ಮ ಇಲಾಖೆಗೆ ಬರೋದಿಲ್ಲ" ಎಂದು ತನಿಖೆಯನ್ನು ಅಲ್ಲೇ ಮುಗಿಸಿದರು.

ಅಪ್ಪ ನಮ್ಮ ಭಾವನ ಕಡೆ ತಿರುಗಿ, ಹಜಾರಕ್ಕೆಲ್ಲ ಕೇಳುವಂತೆ, "ಭೇಷ್!" ಎಂದರು. ಚಿಕ್ಕಕ್ಕ ತಲೆ ಎತ್ತಿದಳು. ಭಾವ ಗಲಿಬಿಲಿಗೊಂಡು, ಅಂಗಡಿಯ ಅಭ್ಯಾಸಬಲದಿಂದ, "ಈಗ ಕೆಳಗಿನ ಸಾಲು ಓದಿ" ಎಂದರು.

ಪೀಪಾಯಿಯಲ್ಲಿ ಉಳಿದದ್ದು ಕನ್ನಡಕದ ಅಂಗಡಿಗೆ ಹೋಯಿತು. ಗಾಜು ಒರೆಸಲು ಅದರಂಥದ್ದು ಇನ್ನೊಂದಿಲ್ಲ ಎಂದು ಭಾವ ಎಲ್ಲರೊಡನೆ ಇಂದಿಗೂ ವಾದಿಸುತ್ತಾರೆ. ಗಿರಾಕಿಗಳು ಕನ್ನಡಕ ಹಾಕಿಕೊಂಡು ಕೊಂಚ ತೂರಾಡಿದರೆ, ಎರಡು ದಿನದಲ್ಲಿ ಸರಿಹೋಗುತ್ತದೆ ಎನ್ನುತ್ತಾರೆ.

ಮುಂದಿನ ಹುಟ್ಟುಹಬ್ಬಕ್ಕೆ ಕಂಪನಿಯ ಬಾಟಲಿ ಬಂತು. ಚೀಟಿ ಇರಲಿಲ್ಲ, ಬೇಡವೆಂದು ಅಪ್ಪನೇ ಹೇಳಿ ಕಳಿಸಿದ್ದರಂತೆ. ಗ್ಲಾಸಿಗೆ ಸುರಿದು, ಮೇಜಿನ ಸುತ್ತ ಕಣ್ಣಾಡಿಸಿ, "ಎಲ್ಲೋ ನನ್ನ ಕನ್ನಡಕ?" ಎಂದರು.

ನಾನು ಓಡಿಹೋಗಿ ಕಪಾಟಿನಿಂದ ತಂದು ಚಾಚಿದೆ.

"ಅದಲ್ಲ ಕಣೋ" ಎಂದರು ಅಪ್ಪ, ಪಕ್ಕದ ಕುರ್ಚಿಯನ್ನು ಎಳೆದು ತಟ್ಟುತ್ತಾ.

ಕನ್ನಡಕದ ಭಾವ ಎದ್ದು ಬಂದು ಅದರಲ್ಲಿ ಕುಳಿತರು.